ಸುಮ್ಮನಿದ್ದವರ ಒಪ್ಪಿಗೆ

ನಾನು ಮಾತು ಕಡಿಮೆಯವಳು. ಇದರಿಂದಾಗಿ ಬದುಕಿನಲ್ಲಿ ಬೇಡದ ಬದನೆಕಾಯಿ ಬಹಳ ತಿಂದಿದ್ದೇನೆ. ಮಾನ್ವಿ ಸಂತೆಯಲ್ಲಿ ಕಾಯಿಪಲ್ಯ ಮಾರುವವಳು, ನಾನು ಬೇಡವೆನ್ನಲು ಬಾಯಿ ತೆರೆಯುವುದರೊಳಗೆ ಚೀಲಕ್ಕೆ ಸುರಿದುಬಿಡುತ್ತಾಳೆ. ಬೇಡ ಅನ್ನಲಿಲ್ಲವೆಂದರೆ ಬೇಕು ಅಂತಲೇ ಅವಳ ಲೆಕ್ಕ.

ಈ ಲೆಕ್ಕಕ್ಕೆ ರಾಜ್ಯಶಾಸ್ತ್ರದಲ್ಲಿ ಹೆಸರೊಂದಿದೆ ಎಂದು ಹೇಳಿಕೊಟ್ಟವರು ನಮ್ಮ ಯಜಮಾನರು. ದೇವದುರ್ಗದಲ್ಲಿ ಮಾಸ್ತರಾಗಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆಗೆ ಕಟ್ಟಿದ್ದರು. ಸಂಜೆ ನಾನು ರೊಟ್ಟಿ ಬಡಿಯುವಾಗ ಒಲೆಯ ಹತ್ತಿರ ಬಂದು ಕೂಡುತ್ತಿದ್ದರು. ಓದಿದ್ದನ್ನು ಯಾರಿಗಾದರೂ ಹೇಳದಿದ್ದರೆ ತಲೆಯಲ್ಲಿ ನಿಲ್ಲುವುದಿಲ್ಲವಂತೆ. ಎಸ್ಸೆಸ್ಸೆಲ್ಸಿ ಓದಿದ ನಾನೇ ಅವರ ತರಗತಿ.

"ಸಾರ್ವಭೌಮ ಅಂದರ, ಅವರ ಮ್ಯಾಲ ಮತ್ತೊಬ್ಬರಿಲ್ಲ. ನಮ್ಮ ಮನ್ಯಾಗ ಯಾರು ಹೇಳು?"

ನಾನು ಪಡಸಾಲೆಯಲ್ಲಿದ್ದ ಅತ್ತೆಯನ್ನು ಕಣ್ಣಲ್ಲೇ ತೋರಿಸಿದೆ.

"ನೂರಕ್ಕ ನೂರು," ಎಂದರು ದನಿ ತಗ್ಗಿಸಿ.

ಸಮಾನತೆಯ ಪಾಠದ ದಿನ ರೊಟ್ಟಿ ಸೀದುಹೋಯಿತು. ಎಲ್ಲರಿಗೂ ಎರಡೆರಡು ಹಾಕುವುದೋ, ಹಸಿವು ನೋಡಿ ಹಾಕುವುದೋ ಎಂದು ವಾದಿಸುತ್ತ ಇಬ್ಬರೂ ಹೆಂಚು ಮರೆತಿದ್ದೆವು. ಇನ್ನೊಂದು ದಿನ, ಹಿಂದೊಂದು ಕಾಲಕ್ಕೆ ಜನ ಕೂಡಿ ಒಪ್ಪಂದ ಮಾಡಿಕೊಂಡು ರಾಜ್ಯ ಕಟ್ಟಿದರು ಎಂದರು.

"ಅಲ್ಲಿ ಹೆಣ್ಮಕ್ಕಳು ಇದ್ರೇನ್ರಿ?"

ಹಾಳೆ ತಿರುವಿ ಹುಡುಕಿದರು. "ಬರದಿಲ್ಲ ನೋಡು."

"ಮತ್ತ ಆ ರಾಜ್ಯದ ಮಾತು ಅವರ್‍ಯಾಕ ಕೇಳಬೇಕು?"

"ಸುಮ್ಮನಿದ್ದಾರಲ್ಲ, ಅದ ಒಪ್ಪಿಗಿ. ಮೌನಸಮ್ಮತಿ ಅಂತಾರ."

"ಹಂಗಾರ ನಾ ದಿನಾ ಏನೇನಕ್ಕ ಒಪ್ಪಾಕತ್ತೀನೋ ದೇವರಿಗೇ ಗೊತ್ತು."

ಅವರು ನಕ್ಕ ರಭಸಕ್ಕೆ ಒಲೆಯ ಬೂದಿ ಹಾರಿತು.

ಪರೀಕ್ಷೆ ಪಾಸಾಯಿತು. ಮರುವರ್ಷವೇ ಜ್ವರವೆಂದು ಮಲಗಿದವರು ಏಳಲಿಲ್ಲ. ನನ್ನಲ್ಲಿದ್ದ ಅಷ್ಟಿಷ್ಟು ಮಾತೂ ಅವರ ಹಿಂದೆ ಹೋಯಿತು. ಮಗನನ್ನು ಕಳೆದುಕೊಂಡ ಅತ್ತೆಯೂ ಮಾತು ಬಿಟ್ಟರು. ದುಃಖದಲ್ಲಿ ಸುಮ್ಮನೆ ಕೂತವರನ್ನು ಕಂಡರೆ ಉಳಿದವರಿಗೆ ಏನಾದರೊಂದು ತೀರ್ಮಾನ ಮಾಡಿಬಿಡಬೇಕು ಅನ್ನಿಸುತ್ತದೆ, ಅದೂ ಪ್ರೀತಿಯಿಂದಲೇ.

ಸಿರವಾರದಿಂದ ಭಾವ ಬಂದರು, ನಮ್ಮ ಯಜಮಾನರ ಅಣ್ಣ. ದೇವದುರ್ಗದ ಬಾಡಿಗೆ ಮನೆ ಬಿಡುವುದು, ಅತ್ತೆ ಅವರ ಜೊತೆ ಹೋಗುವುದು, ನಾನು ಕುರ್ಡಿಗೆ, ನನ್ನ ಅಣ್ಣನ ಮನೆಗೆ ಎಂಬುದು ಅವರ ತೀರ್ಮಾನ. ರಾಯಚೂರಿನಲ್ಲಿ ಶಿಕ್ಷಕರ ತರಬೇತಿಗೆ ಸೇರಬೇಕೆಂದು ನನಗೆ ಆಸೆಯಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ಮನೆತನದಲ್ಲಿ ಒಂದು ಪದ್ಧತಿ: ಯಾವ ಮಾತುಕತೆಯಾದರೂ ಚಾ ಕುಡಿದರೆ ಮುಗಿದಂತೆ. ಕಪ್ಪು ಕೆಳಗಿಟ್ಟ ಮೇಲೆ ತಕರಾರು ಎತ್ತುವಂತಿಲ್ಲ.

"ಚಾ ತಗೊಂಡು ಬಾರವ್ವಾ, ಮಾತು ಮುಗೀತು," ಎಂದು ಭಾವ ಕೂಗಿದರು.

ನೀರು ಕುದಿಯುತ್ತಿತ್ತು. ಪುಡಿ ಕೈಯಲ್ಲಿತ್ತು. ಹಾಕಿದರೆ ಕುರ್ಡಿ. ಪಾತ್ರೆ ಇಳಿಸಿ ಬರಿಗೈಯಲ್ಲಿ ಹೊರಬಂದೆ.

"ಚಾ ಎಲ್ಲದ?"

"ಮಾತು ಇನ್ನಾ ಮುಗಿದಿಲ್ರಿ. ನಾ ಕುರ್ಡಿಗಿ ಹೋಗಂಗಿಲ್ಲ. ರಾಯಚೂರಿಗಿ ಹೋಗಿ ಟ್ರೇನಿಂಗ್ ಮಾಡ್ತೀನಿ."

"ಇಷ್ಟೊತ್ತು ಸುಮ್ಮನಿದ್ದೆಲ್ಲ?"

"ಸುಮ್ಮನಿದ್ದೆ. ಒಪ್ಪಿದ್ದಿಲ್ರಿ."

ಗೋಡೆಗೊರಗಿ ಕೂತಿದ್ದ ಅತ್ತೆ ಗಂಟಲು ಸರಿಮಾಡಿಕೊಂಡರು.

"ಆಕಿ ಬಾಯಿ ಬಿಡೂದ ವರ್ಷಕ್ಕೊಮ್ಮಿ, ಕೇಳಲೇ. ರಾಯಚೂರೇನು ಸಮುದ್ರದಾಚಿ ಅದ ಏನು? ನಾನೂ ಆಕಿ ಜೋಡಿ ಹೋಗ್ತೀನಿ. ಹೋಗವ್ವಾ, ಚಾ ಇಲ್ಲದ ನನ್ನ ತಲಿ ಒಡಿಯಾಕತ್ತದ."

ತಾವೂ ಬರುವ ತೀರ್ಮಾನಕ್ಕೆ ಅತ್ತೆ ನನ್ನ ಒಪ್ಪಿಗೆ ಕೇಳಲಿಲ್ಲ. ಕೇಳಿದ್ದರೂ ನಾನು ಹೂಂ ಎನ್ನುತ್ತಿದ್ದೆ.

ಈಗ ಮಾನ್ವಿಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. "ತಿಳೀತೇನ್ರೋ?" ಎಂದರೆ ತರಗತಿ ಗಪ್‌ಚಿಪ್. ನಾನು ಬೋರ್ಡು ಒರೆಸುವುದಿಲ್ಲ, ಕಾಯುತ್ತೇನೆ. ಸ್ವಲ್ಪ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬಳು ಏಳುತ್ತಾಳೆ: "ಇಲ್ರಿ ಟೀಚರ್, ತಿಳೀಲಿಲ್ರಿ." ಅವಳು ಅಂದದ್ದೇ ತಡ, ಅಲ್ಲೊಂದು ಇಲ್ಲೊಂದು ಕೈ ಮೇಲೇಳುತ್ತದೆ. ನಮ್ಮ ಯಜಮಾನರು ಇದ್ದಿದ್ದರೆ ಇದಕ್ಕೂ ಪುಸ್ತಕದಲ್ಲಿ ಒಂದು ಹೆಸರು ಹುಡುಕುತ್ತಿದ್ದರು. ನಾನು ಸೀಮೆಸುಣ್ಣ ಎತ್ತಿಕೊಂಡು ಮೊದಲಿನಿಂದ ಶುರುಮಾಡುತ್ತೇನೆ.