ಒಂದು ಗುಟುಕು ಓಆರ್‌ಎಸ್

ಬೆಳಗ್ಗೆ ಎರಡು ಸಲ ವಾಂತಿಯಾಗಿತ್ತು. ಹೊಟ್ಟೆಯೂ ಸರಿಯಿರಲಿಲ್ಲ. ಅಂದು ನಾನು ಮನೆಯಲ್ಲೇ ಬಿದ್ದುಕೊಂಡಿರಬೇಕಿತ್ತು. ಆದರೆ ಮನೆಮನೆಗೆ ಓಆರ್‌ಎಸ್ ಪ್ಯಾಕೆಟ್ ಹಂಚುವ ವಾರ ಅದು. ಪಕ್ಕದ ಆರೋಗ್ಯ ಉಪಕೇಂದ್ರದ ನರ್ಸ್ ಹೆರಿಗೆ ರಜೆಯಲ್ಲಿದ್ದಳು, ಅವಳ ಊರುಗಳೂ ನನ್ನ ತಲೆಗೇ ಬಂದಿದ್ದವು. ರಜೆ ಕೇಳಿದರೆ ಮೇಲಿನವರು "ಯಾರನ್ನ ಕಳಿಸ್ಲಿ, ನೀವೇ ಹೇಳಿ" ಎನ್ನುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕುವಷ್ಟೂ ತ್ರಾಣವಿರಲಿಲ್ಲ. ಒಂದು ಮಾತ್ರೆ ನುಂಗಿ ಹುತ್ತೂರಿನ ಕಡೆಯ ಬಸ್ ಹತ್ತಿದೆ.

ಇಪ್ಪತ್ತು ವರ್ಷದ ಮೇಲಾಯಿತು, ಹಳ್ಳಿಗಳಲ್ಲಿ ನಾನು ಹೇಳುತ್ತಾ ಬಂದಿರುವುದು ಒಂದೇ ಪಾಠ. ವಾಂತಿಭೇದಿ ನಿಂತ ಮೇಲೂ ಎರಡು ದಿನ ಇನ್ನೊಬ್ಬರ ಊಟ, ನೀರಿಗೆ ಕೈ ಹಾಕಬೇಡಿ. ಸೋಪು ಹಾಕಿ ಕೈ ತೊಳೆಯಿರಿ, ಸ್ಯಾನಿಟೈಸರ್ ಈ ರೋಗಕ್ಕೆ ಸಾಲದು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ನನಗೊಂದು ಅಭ್ಯಾಸವಿತ್ತು, ಅದರ ಬಗ್ಗೆ ಹೆಮ್ಮೆಯೂ ಇತ್ತು. ಓಆರ್‌ಎಸ್ ಉಪ್ಪುಪ್ಪು ಎಂದು ಹೆಂಗಸರು ಮುಖ ಸಿಂಡರಿಸುತ್ತಾರೆ, ಪ್ಯಾಕೆಟ್ಟು ಹಾಗೇ ಗೂಡಿನಲ್ಲಿ ಉಳಿಯುತ್ತದೆ. ಅದಕ್ಕೇ ಪ್ರತಿ ಮನೆಯಲ್ಲೂ ಅವರದೇ ಚೊಂಬಿನಲ್ಲಿ ನಾನೇ ಕಲಸಿ, ಲೋಟಕ್ಕೆ ಬಗ್ಗಿಸಿ, ಎಲ್ಲರೆದುರು ಒಂದು ಗುಟುಕು ಕುಡಿದು ತೋರಿಸುತ್ತಿದ್ದೆ. ಎಂಜಲಾಗಬಾರದೆಂದು ಎತ್ತಿಯೇ ಕುಡಿಯುತ್ತಿದ್ದೆ. ಮಿಕ್ಕಿದ್ದು ಮನೆಮಂದಿಗೆ. ಅಂದೂ ಹಾಗೇ ಮಾಡಿದೆ. ಪ್ಯಾಕೆಟ್ಟು ಹರಿದದ್ದು, ಚಮಚ ತಿರುವಿದ್ದು, ಲೋಟದ ಅಂಚು ಹಿಡಿದದ್ದು ಇದೇ ಬೆರಳುಗಳು. ನಡುನಡುವೆ ಬ್ಯಾಗಿನಲ್ಲಿದ್ದ ಸ್ಯಾನಿಟೈಸರ್ ಸವರಿಕೊಂಡೆ, ಅಷ್ಟೇ.

ಕೊನೆಯ ಮನೆಯಲ್ಲಿ ಹತ್ತು ತಿಂಗಳ ಗಂಡುಮಗುವಿತ್ತು. ಅದರ ತಾಯಿಯನ್ನು ಹೆರಿಗೆಗೆ ಕರೆದುಕೊಂಡು ಹೋಗಿದ್ದವಳು ನಾನೇ. ತೊಡೆಯ ಮೇಲೆ ಕೂರಿಸಿಕೊಂಡು ಎರಡು ಚಮಚ ಕುಡಿಸಿದೆ. ಬಾಯಿ ಚಪ್ಪರಿಸಿತು.

ಎರಡು ದಿನದಲ್ಲಿ ನಾನು ಹೋಗಿದ್ದ ಬೀದಿಗೆ ಬೀದಿಯೇ ವಾಂತಿಭೇದಿಯಿಂದ ಮಲಗಿತು. ಎಲ್ಲರೂ ನೀರಿನ ಟ್ಯಾಂಕನ್ನೇ ದೂರಿದರು. ಒಬ್ಬ ಅಜ್ಜಿ "ನೀಳ್ಳು ಬಾಗಲೇದಮ್ಮಾ" ಎಂದು, ನೀರೇ ಸರಿಯಿಲ್ಲವೆಂದು ತೆಲುಗಿನಲ್ಲಿ ಗೊಣಗಿದಳು. ವಾಟರ್‌ಮ್ಯಾನ್ ಟ್ಯಾಂಕಿನೊಳಗೆ ಇಳಿದು ಉಜ್ಜಿದ, ಬ್ಲೀಚಿಂಗ್ ಪೌಡರ್ ಹಾಕಿದ, ಊರವರ ಬೈಗುಳವನ್ನೂ ತಿಂದ. ನೀರಿನ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಅಷ್ಟರಲ್ಲಿ ಆ ಮಗುವನ್ನು ಕೋಲಾರಕ್ಕೆ ಕರೆದೊಯ್ದು ಡ್ರಿಪ್ ಹಾಕಿಸಿದ್ದರು. ಕಣ್ಣು ಗುಳಿಬಿದ್ದಿದೆ, ಅತ್ತರೆ ನೀರು ಬರುತ್ತಿಲ್ಲ ಎಂದು ಆಶಾ ಕಾರ್ಯಕರ್ತೆ ಫೋನು ಮಾಡಿದಳು.

ಜಿಲ್ಲೆಯಿಂದ ಒಬ್ಬ ಡಾಕ್ಟರಮ್ಮ ಬಂದರು. ಮನೆಮನೆಗೆ ಹೋಗಿ ಅವರು ಕೇಳುವುದು, ನಾನು ಬರೆದುಕೊಳ್ಳುವುದು. ಯಾರಿಗೆ, ಯಾವಾಗ ಶುರುವಾಯಿತು, ಏನು ತಿಂದಿರಿ, ಮನೆಗೆ ಯಾರು ಬಂದಿದ್ದರು. ಮೊದಲೆರಡು ಮನೆಯವರು ಯಾರೂ ಬಂದಿಲ್ಲ ಎಂದರು. ಮೂರನೆಯ ಮನೆಯ ಮುದುಕ ಮಾತ್ರ ನಕ್ಕ.

"ಯಾರೂ ಇಲ್ಲ ಮೇಡಂ, ನಮ್ ನರ್ಸಮ್ಮ ಬಂದಿದ್ರು. ಅವ್ರು ಮನೆಯವ್ರೇ ಬಿಡಿ."

ಪೆನ್ನು ನಿಂತಿತು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು. "ಅವತ್ತು ನೀವು ಹುಷಾರಾಗಿದ್ರಾ ಸಿಸ್ಟರ್?"

ಸುಳ್ಳು ಹೇಳೋಣವೆಂದೇ ಬಾಯಿ ತೆರೆದೆ. ಸುಸ್ತಿಗೆ ಸುಳ್ಳೂ ಬರಲಿಲ್ಲ. "ಇಲ್ಲ ಮೇಡಂ. ಬೆಳಗ್ಗೆ ವಾಂತಿ ಆಗಿತ್ತು."

"ಹಾಗಾದ್ರೆ ಪಟ್ಟೀಲಿ ಮೊದಲು ನಿಮ್ಮ ಹೆಸರು ಬರ್ಕೊಳ್ಳಿ" ಎಂದರು. ಬರೆದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮೇಲಿನವರು ಮೆಮೊ ಕೊಟ್ಟರೆ ಉತ್ತರ ಬರೆದುಕೊಟ್ಟರಾಯಿತು. ನನಗೆ ಭಯವಿದ್ದದ್ದು ಆ ಮಗುವಿನ ತಾಯಿಯದು. ಲಸಿಕೆಯ ಸೂಜಿ ಎಂದರೆ ಊರೇ ಹಿಂದೆ ಸರಿದಿದ್ದಾಗ ಮೊದಲು ತೋಳು ಒಡ್ಡಿದ್ದವಳು ಅವಳು. ಹೇಳಿದರೆ ಆ ನಂಬಿಕೆ ಹೋಗುತ್ತದೆ. ಹೇಳದಿದ್ದರೆ ಮತ್ತೆ ಆ ಮಗುವನ್ನು ಯಾವ ಮುಖದಲ್ಲಿ ಎತ್ತಿಕೊಳ್ಳಲಿ? ಮೂರು ದಿನ ಇದೇ ಯೋಚನೆ ತಲೆ ತಿಂದಿತು.

ಮಗು ಮನೆಗೆ ಬಂದ ಮಾರನೆಯ ದಿನ ಹೋದೆ. ಅದು ಅಜ್ಜಿಯ ಸೊಂಟದ ಮೇಲಿತ್ತು, ಬಡಕಲಾಗಿತ್ತು. ತಾಯಿ ಹಿತ್ತಲಲ್ಲಿ, ರೇಷ್ಮೆಹುಳು ಸಾಕುವ ಕೋಣೆಯ ಬಾಗಿಲಲ್ಲಿದ್ದಳು. ಬ್ಲೀಚಿಂಗ್ ನೀರಿನಲ್ಲಿ ಕೈ ಅದ್ದಿ, ಕಾಲು ಅದ್ದಿ, ಒಳಗಿನ ಚಪ್ಪಲಿ ಮೆಟ್ಟಲು ಹೊರಟಿದ್ದಳು. ಹುಳಕ್ಕೆ ಒಮ್ಮೆ ಅಂಟುರೋಗ ಬಂದರೆ ಇಡೀ ಬೆಳೆಯೇ ಹೋಗುತ್ತದೆ. ಆ ಕೋಣೆಯೊಳಗೆ ಒಡಹುಟ್ಟಿದವರನ್ನೂ ಬಿಡುವುದಿಲ್ಲ.

ನಿಂತಲ್ಲೇ ಹೇಳಿಬಿಟ್ಟೆ. "ಮಗೂಗೆ ನನ್ನಿಂದಾನೇ ಬಂದಿದ್ದು ಕಣೇ. ಅವತ್ತು ನಂಗೆ ವಾಂತಿ ಆಗಿತ್ತು. ಆದ್ರೂ ಬಂದೆ. ತಪ್ಪಾಯ್ತು."

ಅವಳು ಒದ್ದೆ ಕೈ ಹಾಗೇ ಹಿಡಿದು ನಿಂತಳು. ಬೈಯುತ್ತಾಳೆ ಎಂದುಕೊಂಡೆ.

"ನಂಗೊತ್ತಿತ್ತಕ್ಕ" ಎಂದಳು. "ನಿಮ್ ಮುಖ ಬಿಳಚ್ಕೊಂಡಿತ್ತು, ಬೆವರ್ತಾ ಇದ್ರಿ. ಹುಷಾರಿಲ್ಲ ಅಂತ ಅವತ್ತೇ ಅನ್ಕೊಂಡೆ."

"ಮತ್ತೆ ಮಗೂನ ಯಾಕೆ ಕೈಗೆ ಕೊಟ್ಟೆ?"

"ಮನೆಗಂಟ ಬಂದೋರಿಗೆ ಬೇಡ ಅನ್ನೋಕಾಗುತ್ತಾ?" ಅಷ್ಟು ಹೇಳಿ ಅವಳು ಹುಳದ ಕೋಣೆಯ ಬಾಗಿಲನ್ನೊಮ್ಮೆ ನೋಡಿದಳು. "ಇಲ್ಲಿಗೆ ಬಂದಿದ್ರೆ ಬೇಡ ಅಂತಿದ್ದೆ ಅಕ್ಕ."