ಎರಡು ಮುಖದ ವರಾಹ

ಚಿತ್ರ ಬರೆದಿದ್ದ ಹಾಳೆಯನ್ನು ಮುಂದಿಟ್ಟಾಗ ನಮ್ಮತ್ತೆ ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು.

"ಇದೇನೇ? ಹಂದಿ?"

"ವರಾಹ ಅತ್ತೆ. ವಿಜಯನಗರದ ಬಾವುಟದ್ದು."

"ನಿಮ್ಮಾವ ರಾತ್ರಿಯೆಲ್ಲ ಹೊಲದಾಗೆ ಡಬ್ಬ ಬಡಿದು ಓಡಿಸಿದ್ದು ಇದನ್ನೇ ಅಲ್ವಾ? ಅಷ್ಟು ದೊಡ್ಡ ರಾಜರಿಗೆ ಬ್ಯಾರೆ ಪ್ರಾಣಿ ಸಿಗ್ಲಿಲ್ವಾ?"

ಚಳ್ಳಕೆರೆಯ ನಮ್ಮ ಮನೆಯಲ್ಲಿ ಆ ವಾರ ಬಾವುಟದ್ದೇ ಮಾತು. ಮಗಳು ಆಗ ಏಳನೇ ತರಗತಿ. ರಾಜ್ಯೋತ್ಸವದ ಮೆರವಣಿಗೆಗೆ ಒಂದೊಂದು ತರಗತಿಗೆ ಒಂದೊಂದು ರಾಜವಂಶ ಹಂಚಿದ್ದರು. ಇವರದು ವಿಜಯನಗರ. ಉದ್ದಕ್ಕೆ ಬೆಳೆದ ಹುಡುಗಿ ಎಂದು ಅವಳನ್ನು ಎಲ್ಲ ಕಾರ್ಯಕ್ರಮದಲ್ಲೂ ಕಡೆಯ ಸಾಲಿಗೆ ತಳ್ಳುತ್ತಿದ್ದರು. ಈ ಸಲ ಅದೇ ಉದ್ದ ಕೈಹಿಡಿಯಿತು. ಬಾವುಟ ಎತ್ತಿ ಹಿಡಿಯಲು ಅವಳೇ ಸರಿ ಎಂದರು ಮೇಷ್ಟ್ರು. ಆದರೆ ಒಂದು ಷರತ್ತು. "ಕಾಗದದ್ದಾದ್ರೆ ಅರ್ಧ ದಾರಿಗೇ ಹರಿದೋಗ್ತೈತೆ. ಒಳ್ಳೆ ಬಟ್ಟೆ ಬಾವುಟ ಆದ್ರೆ ಮುಂದೆ ನಡೀಲಿ. ಇಲ್ಲಾಂದ್ರೆ ಎಂದಿನಂಗೆ ಹಿಂದೆ."

"ನಾನು ತರ್ತೀನಿ ಬಿಡಿ" ಎಂದುಬಿಟ್ಟೆ. ಎಲ್ಲಿಂದ ಎಂದು ಯೋಚಿಸಿಯೇ ಇರಲಿಲ್ಲ.

ಮೇಷ್ಟ್ರು ಹಾಳೆಯ ಮೇಲೆ ಚಿತ್ರ ಬರೆದುಕೊಟ್ಟು ಅದರ ಅರ್ಥವನ್ನೂ ಬಿಡಿಸಿ ಹೇಳಿದರು. ಆ ಕಾಲದ ಬಟ್ಟೆ ಉಳಿದಿಲ್ಲ, ಬಣ್ಣ ಇದೇ ಎಂದು ಆಣೆ ಮಾಡಿ ಹೇಳಲಾಗದು. ಲಾಂಛನ ಮಾತ್ರ ಕಲ್ಲಿನ ಮೇಲಿದೆ. ಮುಳುಗಿದ ಭೂಮಿಯನ್ನು ಕೋರೆಯ ಮೇಲೆ ಎತ್ತಿದ ವರಾಹ, ಅದನ್ನು ಕಾಯುವ ಕತ್ತಿ, ಮೇಲೆ ಸೂರ್ಯ ಚಂದ್ರ. "ಕೊಟ್ಟ ಮಾತು ಸೂರ್ಯ ಚಂದ್ರ ಇರೋ ತನಕ ನಡೀಬೇಕು ಅಂತ ತಾಯಿ."

ಅಂಥದೊಂದನ್ನು ನಾನೂ ಕಂಡಿದ್ದೆ. ತವರಿನ ಹೊಲದ ಬದುವಿನಲ್ಲಿ ಒಂದು ಕಲ್ಲಿದೆ, ತಲೆಯ ಮೇಲೆ ಸೂರ್ಯ ಚಂದ್ರ ಕೆತ್ತಿದ್ದು. ಬಿತ್ತನೆಗೆ ಮುಂಚೆ ಅಪ್ಪ ಅದಕ್ಕೆ ವಿಭೂತಿ ಹಚ್ಚುತ್ತಿದ್ದರು, ನಾನು ಹೂವಿಡುತ್ತಿದ್ದೆ. ಯಾವ ರಾಜರ ಕಾಲದ್ದೋ, ಯಾರ ಮಾತೋ, ನಮಗೇನೂ ಗೊತ್ತಿರಲಿಲ್ಲ. ಮಾತು ಕೊಟ್ಟವಳು ಈಗ ನಾನೂ ಆಗಿದ್ದೆ. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಅದೊಂದು ದಯೆ.

ನನ್ನ ಮದುವೆ ಸೀರೆ ನೇಯ್ದ ನೇಕಾರರ ಮನೆಗೇ ಹೋದೆ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದ ಯಜಮಾನರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಏಮಮ್ಮಾ ಇದಿ! ನವಿಲು ನೇಯ್ದೀನಿ, ಗಿಣಿ ನೇಯ್ದೀನಿ. ಪಂದಿ ಇದೇ ಮೊದ್ಲು."

ರಾಟೆಯ ಮುಂದೆ ನೂಲು ಸುತ್ತುತ್ತಿದ್ದ ಅವರ ಹೆಂಡತಿ ತಲೆ ಎತ್ತದೆಯೇ ಅಂದರು: "ಬೆಳಗ್ಗಿಂದ ಸಂಜೆಗಂಟ ಆ ಗುಂಡಿಯಾಗೆ ಕುಂತು ಗುರುಗುಡ್ತೀರಲ್ಲ, ಎದುರಿಗೊಂದು ಕನ್ನಡಿ ಇಟ್ಕಂಡು ನೇಯ್ರಿ. ತಪ್ಪೇ ಆಗಲ್ಲ."

ಮಗ್ಗದಲ್ಲಿ ಕೇಸರಿ ಸೀರೆಯೊಂದು ಮುಗಿಯುತ್ತಿತ್ತು. ಅದಕ್ಕೆಂದು ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಹಾಸಿನಲ್ಲಿ ಮೂರು ಮೊಳ ಮಿಗುತ್ತದೆ, ಅದರಲ್ಲೇ ನೇಯ್ದುಕೊಡುತ್ತೇನೆ ಎಂದರು. ನಾನು ಹುಡುಕಿ ಹೋಗಿದ್ದರೂ ಅಂಥ ಬಣ್ಣ ಸಿಗುತ್ತಿರಲಿಲ್ಲ.

ಮೆರವಣಿಗೆಗೆ ಎರಡು ದಿನ ಇರುವಾಗ ಹೋಗಿ ತಂದೆ. ಜರಿಯ ಕೋರೆ, ಜರಿಯ ಕತ್ತಿ, ಮೂಲೆಯಲ್ಲಿ ಬಿದಿಗೆ ಚಂದ್ರನಂಥ ಚಂದ್ರ! ಸೀರೆ ಕೊಳ್ಳುವಾಗಿನ ಅಭ್ಯಾಸದಂತೆ ಹಿಂಬದಿಯನ್ನೂ ತಿರುಗಿಸಿ ನೋಡಿ, "ಎಳೆ ಎಷ್ಟು ಅಚ್ಚುಕಟ್ಟಾಗಿ ಓಡ್ಸಿದೀರಿ" ಎಂದು ಹೊಗಳಿಯೂ ಬಂದಿದ್ದೆ. ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಹತ್ತು ಸಲ ಬಿಚ್ಚಿ ನೋಡಿರಬೇಕು.

ಮಗಳು ಅದನ್ನು ಕೋಲಿಗೆ ಕಟ್ಟಿ ಮಾಳಿಗೆ ಹತ್ತಿದಳು. ಗಾಳಿ ಬೀಸಿ ಬಾವುಟ ತಿರುಗಿತು. ವರಾಹ ಮಾಯ! ಕೈಯಲ್ಲಿದ್ದಾಗ ಅಚ್ಚುಕಟ್ಟಾಗಿ ಕಂಡ ಎಳೆಗಳೇ ದೂರದಿಂದ ಆ ಬದಿಯಲ್ಲಿ ಅಡ್ಡಾದಿಡ್ಡಿಯಾದ ಒಂದು ಗುಡ್ಡೆ, ತಲೆ ಬಾಚಿದ ಮೇಲೆ ಹಣಿಗೆಯಲ್ಲಿ ಉಳಿದ ಕೂದಲಿನ ಹಾಗೆ.

ನೇಯ್ದವರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಸೀರೆಯ ಹಿಂಬದಿ ಮೈಗೆ ತಾಗಿಕೊಂಡಿರುತ್ತದೆ, ಅದನ್ನು ಯಾರು ನೋಡುತ್ತಾರೆ? ಬಾವುಟಕ್ಕೆ ಉಡುವವರಿಲ್ಲ. ಎರಡು ಬದಿಯೂ ಬೀದಿಗೇ.

"ಹಿಂದಿನ ಸಾಲಿನೋರಿಗೆ ಏನೂ ಕಾಣಲ್ಲ ಕಣವ್ವಾ" ಎಂದಳು ಮಗಳು. "ನಾನು ಯಾವಾಗ್ಲೂ ಅಲ್ಲೇ ಇದ್ದೋಳು. ನಂಗೊತ್ತು."

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಇನ್ನೊಂದು ನೇಯಿಸೋಣವೆಂದರೆ ಹಾಸು ಮುಗಿದಿತ್ತು, ದಿನವೂ ಇರಲಿಲ್ಲ. ದೇವರ ಮನೆಯಲ್ಲಿ ಕುಳಿತು, "ನಾಯಕನಹಟ್ಟಿ ಅಜ್ಜಾ, ನನ್ನ ಬಾಯಿ ದೊಡ್ಡದಾಯ್ತು, ನೀನೇ ಮುಚ್ಚಬೇಕು" ಎಂದೆ.

ಹೊರಗೆ ಬಂದರೆ ನಮ್ಮತ್ತೆ ಕೌದಿ ಹೊಲಿಯುವ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದರು. ಪಕ್ಕದಲ್ಲಿ ಹಳೇ ಬಟ್ಟೆಯ ಗಂಟು.

"ಬಾರೇ ಇಲ್ಲಿ, ನಿನ್ನ ಕಣ್ಣು ಚುರುಕೈತೆ, ದಾರ ಹಾಕಿಕೊಡು."

"ಹಂದಿ ಹೊಲಿತೀರಾ ಅತ್ತೆ?"

"ಅದ್ನ ನನ್ನಷ್ಟು ಹತ್ರದಿಂದ ಯಾರು ನೋಡ್ಯಾರೆ? ನಿನ್ನ ನೇಕಾರಪ್ಪ ಅದಕ್ಕೆ ನವಿಲಿನ ಕಾಲು ಕೊಟ್ಟವ್ನೆ. ಹಿಂಗಿದ್ರೆ ಅದು ಭೂಮಿ ಎತ್ತಿದಂಗೇ!"

ಬಾವುಟದ ಹಿಂಬದಿಗೆ ಗಂಟಿನಿಂದ ತೆಗೆದ ಕೇಸರಿ ಬಟ್ಟೆಯ ಅಸ್ತರು ಕೊಟ್ಟೆವು. ಅದರ ಮೇಲೆ ಮಾವನವರ ಕರಿ ಕೊಡೆ ಬಟ್ಟೆಯಿಂದ ಮೈ, ಬಿಳಿ ಪಂಚೆ ತುಂಡಿನಿಂದ ಕೋರೆ. ಕೌದಿಯ ದಪ್ಪ ಹೊಲಿಗೆ, ಬೆನ್ನ ಮೇಲೆ ಮುಳ್ಳಿನಂತೆ ನಿಂತ ಕೂದಲು. ಸೂರ್ಯ ಚಂದ್ರರನ್ನು ನನಗೆ ಬಿಟ್ಟರು. ತವರಿನ ಹೊಲದ ಕಲ್ಲನ್ನು ನೆನೆದು ಕತ್ತರಿಸಿದೆ. ಮರುದಿನ ದೀಪ ಹಚ್ಚುವ ಹೊತ್ತಿಗೆ ಮುಗಿಯಿತು.

ಈಗ ಬಾವುಟಕ್ಕೆ ಎರಡು ಮುಖ. ಭಾರವೂ ಎರಡರಷ್ಟು. ಮೆರವಣಿಗೆ ಶಾಲೆ ಬಿಟ್ಟಾಗ ಎಲ್ಲರಿಗಿಂತ ಮುಂದೆ ನನ್ನ ಮಗಳು, ಅವಳ ಕೈಯಲ್ಲಿ ಒದ್ದೆ ಟವೆಲಿನಂತೆ ಜೋತುಬಿದ್ದ ಸಾಮ್ರಾಜ್ಯ. ಎಲೆ ಅಲುಗದ ಬೆಳಗು. "ಒಂಚೂರು ಗಾಳಿ ಕೊಡಪ್ಪಾ, ಇನ್ನೇನೂ ಕೇಳಲ್ಲ" ಎಂದು ಗೊಣಗುತ್ತ ನಾನು ರಸ್ತೆಯ ಪಕ್ಕ ಓಡುತ್ತಿದ್ದೆ. ನಮ್ಮತ್ತೆ ನನ್ನ ಸೆರಗು ಹಿಡಿದು ಹಿಂದೆ.

ಬಸ್ ನಿಲ್ದಾಣದ ತಿರುವು ದಾಟಿದ್ದೇ ತಡ, ಬಯಲಿನ ಕಡೆಯಿಂದ ಭರ್ರೆಂದು ಬಂತು ನೋಡಿ ಗಾಳಿ! ಮಗಳು ಕೋಲನ್ನು ಹೊಟ್ಟೆಗೆ ಒತ್ತಿಕೊಂಡು ಹಿಂದಕ್ಕೆ ಬಾಗಿದಳು. ಬಾವುಟ ಪಟಪಟನೆ ಬಿಚ್ಚಿಕೊಂಡಿತು. ಅಂಗಡಿ ಸಾಲಿಗೆ ಜರಿಯ ವರಾಹ, ನಮ್ಮ ಬದಿಗೆ ಕೊಡೆ ಬಟ್ಟೆಯದು.

ಗಾಡಿ ನಿಲ್ಲಿಸಿಕೊಂಡಿದ್ದ ರೈತರೊಬ್ಬರು ಕೂಗಿದರು: "ಲೇ, ನೋಡ್ರಲೇ, ಥೇಟ್ ನಮ್ಮ ಶೇಂಗಾ ಹೊಲದ್ದೇ!"

ಜನ ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ನಮ್ಮತ್ತೆ ನನ್ನ ಸೆರಗು ಬಿಟ್ಟು ಆ ರೈತರ ಕಡೆ ತಿರುಗಿದರು. "ಹಂದಿ ಅಲ್ಲ ಕಣಪ್ಪಾ, ವರಾಹ. ಕೈ ಮುಗಿ."

ಅವರು ಮುಗಿದರು. ನಾನೂ ಮುಗಿದೆ, ಗಾಳಿ ಕೊಟ್ಟವನಿಗೆ. ಅಷ್ಟರಲ್ಲಿ ಮಗಳು ಮುಂದಿನ ವೃತ್ತಕ್ಕೆ ಹೋಗಿಯಾಗಿತ್ತು. ಒಮ್ಮೆಯೂ ಹಿಂದಕ್ಕೆ ನೋಡಲಿಲ್ಲ.