ಉಮಾಶಂಕರನಿಗೆ ಜವರಯ್ಯನ ಜಾಮೀನು

ಕಟ್ಟೆಮಳಲವಾಡಿಯ ಜವರಯ್ಯ ಯಾರನ್ನೂ ನಂಬುತ್ತಿರಲಿಲ್ಲ. ಡೇರಿಯಲ್ಲಿ ಹಾಲು ಅಳೆಯುವವನ ಕೈ ಮೇಲೆ ಅವನಿಗೆ ಅನುಮಾನ. ಹೊಗೆಸೊಪ್ಪಿನ ಹರಾಜಿನಲ್ಲಿ ಬೇಲುಗಳಿಗೆ ಚೀಟಿ ಅಂಟಿಸುವವನ ಮೇಲೆ ಅನುಮಾನ. ಬಸ್ಸಿನ ಕಂಡಕ್ಟರ್ ‘ಸೀಟೈತೆ, ಬನ್ನಿ’ ಎಂದರೆ ಕಿಟಕಿಯಿಂದ ಇಣುಕಿ ನೋಡಿದ ಮೇಲೆಯೇ ಮೆಟ್ಟಿಲು ಹತ್ತುತ್ತಿದ್ದ.

ಎತ್ತು ಕೊಳ್ಳಲು ಚುಂಚನಕಟ್ಟೆಯ ದನಗಳ ಜಾತ್ರೆಗೆ ಹೋದರೆ ಮಾರುವವನ ವರ್ಣನೆ ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಹಲ್ಲು ನೋಡುತ್ತಿದ್ದ, ಗೊರಸು ನೋಡುತ್ತಿದ್ದ. ಕೊನೆಗೆ ಎತ್ತಿನ ಮುಂದೆ ನಿಂತು, ತಲೆಯ ರುಮಾಲು ಸರಿಮಾಡಿಕೊಳ್ಳುವವನಂತೆ ಸಟ್ಟನೆ ಕೈ ಎತ್ತುತ್ತಿದ್ದ. ಎತ್ತು ಕಣ್ಣು ಮುಚ್ಚಿ ಕತ್ತು ಎಳೆದುಕೊಂಡಿತೋ, ವ್ಯಾಪಾರ ಅಲ್ಲಿಗೆ ಮುಗಿಯಿತು. ‘ಒಡ್ದೊಡ್ದು ಸಾಕವ್ನೆ, ಬ್ಯಾಡ ನಡಿ’ ಎಂದು ಮುಂದಿನ ಗೂಟಕ್ಕೆ ಹೋಗುತ್ತಿದ್ದ. ಈ ಸ್ವಭಾವದಿಂದ ಮನೆಯವರಿಗೆ ಕಿರಿಕಿರಿ, ಊರಿಗೆ ಉಪಕಾರ. ಜವರಯ್ಯ ಒಪ್ಪಿದ ಎತ್ತಿನ ಬಾಯಿಯನ್ನು ಬೇರೆ ಯಾರೂ ಬಿಡಿಸಿ ನೋಡುತ್ತಿರಲಿಲ್ಲ.

ಅವನ ಅನುಮಾನ ತಲೆ ಹಾಕದಿದ್ದ ಜಾಗ ಒಂದೇ. ಅದು ಕಬಡ್ಡಿಯ ಅಂಕಣ. ಅಲ್ಲಿಯೂ ಅಂಪೈರುಗಳನ್ನು ಅವನು ನಂಬುತ್ತಿರಲಿಲ್ಲ, ಉಮಾಶಂಕರನನ್ನು ನಂಬುತ್ತಿದ್ದ. ಉಮಾಶಂಕರ ಬೀಚನಹಳ್ಳಿಯ ಹುಡುಗ, ಹುಣಸೂರು ತಂಡಕ್ಕೆ ಆಡುತ್ತಿದ್ದ. ಎದುರು ಪಾಳೆಯಕ್ಕೆ ನುಗ್ಗಿದರೆ ಬರಿಗೈಯಲ್ಲಿ ಬಂದದ್ದು ಕಡಿಮೆ. ಎಚ್.ಡಿ. ಕೋಟೆ, ಕೆ.ಆರ್. ನಗರ, ಪಿರಿಯಾಪಟ್ಟಣ, ಎಲ್ಲಿ ಪಂದ್ಯವಾದರೂ ಜವರಯ್ಯ ದನಕ್ಕೆ ಹುಲ್ಲು ಹಾಕಿ ಹೊರಟುಬಿಡುತ್ತಿದ್ದ. ಉಮಾಶಂಕರ ಅಂಕಣಕ್ಕೆ ಇಳಿದಾಗ ಮೊದಲ ಕೂಗು ಅವನದೇ.

ಎರಡು ಸಾವಿರದ ಎರಡರಲ್ಲಿ ಉಮಾಶಂಕರನ ಹೆಂಡತಿ ಪ್ರಮೀಳಾ, ಗಂಡ ಹೊಡೆಯುತ್ತಾನೆಂದು ಪೊಲೀಸರಿಗೆ ದೂರು ಕೊಟ್ಟಳು. ತಂಡದವರು ಅವನನ್ನು ಕೈಬಿಟ್ಟರು. ಕೊನೆಗೆ ಹಿರಿಯರು ಕೂತು ರಾಜಿ ಮಾಡಿಸಿ, ಕೋರ್ಟಿನಲ್ಲಿ ವಿಚ್ಛೇದನವೂ ಆಗಿ, ಅವಳು ಪಿರಿಯಾಪಟ್ಟಣದ ತವರಿಗೆ ಹೋದಳು. ಅವನನ್ನು ಮತ್ತೆ ಸೇರಿಸಿಕೊಳ್ಳಬೇಕೋ ಬೇಡವೋ ಎಂಬ ಚರ್ಚೆ ಹುಣಸೂರು ಬಸ್‌ಸ್ಟ್ಯಾಂಡಿನ ಬಳಿ ಚನ್ನಬಸವಣ್ಣನ ಹೋಟೆಲಿನಲ್ಲಿ ದಿನವೂ ನಡೆಯಿತು.

“ಬ್ಯಾಡ ಕಣ್ರಪ್ಪ ಅವ್ನು. ಒಂದ್ ಎಣ್ಣು ಸುಮ್‌ಸುಮ್ನೆ ಟೇಸನ್ ಮೆಟ್ಲು ಅತ್ತಾಳಾ?” ಎಂದ ಚನ್ನಬಸವಣ್ಣ, ಕಾಫಿ ಸೋಸುತ್ತ.

“ಏನ್ ಕೊಲೆ ಮಾಡವ್ನಾ? ಇನ್ನೊಂದ್ ಚಾನ್ಸ್ ಕೊಡ್ಬೇಕು ಕಣ್ಲಾ,” ಎಂದ ಕರಿಯಯ್ಯ. ಅವನು ಉಮಾಶಂಕರನಿಗೆ ದೂರದ ಸೋದರಮಾವ. “ನಾವ್ ಬುಟ್ರೆ ಬ್ಯಾರೆ ಟೀಮ್ನೋರು ಎತ್ತಾಕಂಡೋಯ್ತಾರೆ. ಆಮ್ಯಾಕೆ ಬಾಯಿ ಬಡ್ಕೊಳಿ.”

ಜವರಯ್ಯನ ಬಳಿ ಇದಕ್ಕಿಂತ ಗಟ್ಟಿ ವಾದವಿತ್ತು. “ಆ ಎಣ್ಣು ಯಾವೂರ್ದು? ಪಿರಿಯಾಪಟ್ಣದ್ದು. ಅವ್ರ ಟೀಮ್ಗೆ ಅಂಕಣದಾಗೆ ಇವ್ನ ಕಾಲು ಇಡಿಯಾಕಾಗ್ನಿಲ್ಲ. ಅದ್ಕೆ ಊರ ಮಗಳ ಕೈಲಿ ಇಡಿಸವ್ರೆ.”

“ನೀನ್ ನೋಡ್ದ್ಯಾ?” ಎಂದ ಚನ್ನಬಸವಣ್ಣ.

“ಅವ್ನು ಒಡ್ದುದ್ದ ನೀನ್ ನೋಡ್ದ್ಯಾ?”

ಚನ್ನಬಸವಣ್ಣ ನಕ್ಕ. “ಲೋ ಜವರ, ನಾನ್ ಆಕೋ ಸಕ್ರೆ ಮ್ಯಾಲೂ ಡೌಟು ನಿಂಗೆ. ಅವನೊಬ್ಬನ ಮ್ಯಾಲೆ ಇಲ್ವಲ್ಲಪ್ಪ!”

“ಸಕ್ರೆ ನೀನು ಒಳ್ಗಡೆ ಆಕ್ತೀಯ. ಅವ್ನು ಆಡಾದು ಎಲ್ರ ಕಣ್ಮುಂದೆ.”

ಹೋಟೆಲಿಗೆ ಹೋಟೆಲೇ ಗೊಳ್ಳೆಂದಿತು. ಉಮಾಶಂಕರನ ಮನೆಗೂ ಒಂದು ಒಳಗಡೆ ಇರುತ್ತದೆಂದು ಅಲ್ಲಿ ಯಾರೂ ಹೇಳಲಿಲ್ಲ. ಕರಿಯಯ್ಯನನ್ನು ಬಿಟ್ಟರೆ ಪ್ರಮೀಳಾಳನ್ನು ಅವರಲ್ಲಿ ಯಾರೂ ಕಂಡವರಲ್ಲ. ಹೋಗಿ ಕೇಳುವ ಯೋಚನೆಯೂ ಬರಲಿಲ್ಲ. ‘ಜವರಯ್ಯಂಗೇ ಅನುಮಾನ ಇಲ್ಲ ಅಂದ್ಮೇಲೆ ಇನ್ನೇನೈತೆ’ ಎಂಬ ಮಾತು ತಂಡದವರನ್ನು ಮುಟ್ಟಿತು. ಮರುವರ್ಷ ಉಮಾಶಂಕರ ಅಂಕಣಕ್ಕೆ ಮರಳಿದ.

ಆ ವರ್ಷದ ಯುಗಾದಿ ಕಳೆದ ಮೇಲೆ ಕರಿಯಯ್ಯ ಜವರಯ್ಯನ ಮನೆಗೇ ಬಂದ. ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತ ವಿಷಯ ತೆಗೆದ. ಉಮಾಶಂಕರನಿಗೆ ಜವರಯ್ಯನ ಮಗಳು ಅನುಶ್ರೀಯನ್ನು ಕೇಳುತ್ತಿದ್ದಾರೆ.

“ಬ್ಯಾರೆ ವಿಚಾರ್ಸಾದೇನೈತೆ? ನೀನೇ ಜಾಮೀನು ನಿಂತಿದ್ದೀಯ.”

ಜವರಯ್ಯ ಬಾಯಿ ತೆರೆಯುವ ಮೊದಲೇ ಹೆಂಡತಿ ಯಶೋದಮ್ಮ ಒಳಗಿನಿಂದ ಬಂದಳು. “ಟೀಮ್ಗೆ ಸೇರಿಸ್ಕಳಿ ಅಂತ ಅಂದ್ರು. ಮನೆಗೆ ಸೇರಿಸ್ಕತೀನಿ ಅಂತ ಅಂದ್ರಾ?”

“ಅದೆಂಗೆ ಅತ್ಗೆ? ಆಟಕ್ಕೆ ಒಳ್ಳೇನು, ಮನೆಗೆ ಕೆಟ್ಟೋನಾ?”

ಕರಿಯಯ್ಯ ಹೋದ ಮೇಲೆ ಅನುಶ್ರೀ ತಂದೆಗೆ ನೀರು ತಂದುಕೊಟ್ಟಳು. ಪಿಯುಸಿ ಮುಗಿಸಿದ ಹುಡುಗಿ, ಮಾತು ಕಡಿಮೆ. “ನೀನು ಊಂ ಅಂದ್ರೆ ನಂದೂ ಊಂ ಕಣಪ್ಪ. ನೀನೇನು ಸುಲಭ್ವಾಗಿ ಒಪ್ಪೋನಲ್ಲ,” ಎಂದಳು.

ಜವರಯ್ಯ ಚೊಂಬನ್ನು ಪಕ್ಕಕ್ಕಿಟ್ಟ. ಒಂದು ವರ್ಷ ಕೂಗಾಡಿದ್ದರಲ್ಲಿ ತಾನು ಏನನ್ನು ವಿಚಾರಿಸಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದ. ಏನೂ ಸಿಕ್ಕಲಿಲ್ಲ.

ಮುಂದಿನ ವಾರ ಗಂಡಿನ ಮನೆ ನೋಡಲು ಒಬ್ಬನೇ ಬೀಚನಹಳ್ಳಿಗೆ ಹೋದ. ಕಬಿನಿ ಅಣೆಕಟ್ಟೆಯ ಕೆಲಸಗಾರರ ಮನೆಗಳ ಸಾಲಿನಾಚೆ ಅವರದೊಂದು ಹೆಂಚಿನ ಮನೆ. ಉಮಾಶಂಕರ ಎದ್ದು ಬಂದು ಕಾಲು ಮುಟ್ಟಿ ನಮಸ್ಕರಿಸಿದ, ಕೊಡೆ ಇಸಿದುಕೊಂಡ, ಚಾಪೆ ತಾನೇ ಹಾಸಿದ. ತಪ್ಪು ಹುಡುಕಲು ಬಂದವನಿಗೆ ಒಂದೂ ಸಿಕ್ಕಲಿಲ್ಲ. ತಾಯಿ ಬೀರಮ್ಮ ಗೋಡೆಗೆ ಒರಗಿ ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಅವಳ ತಲೆಯ ಮೇಲಿನ ಹಲಗೆಯಲ್ಲಿ ಕಪ್ಪುಗಳು, ಶೀಲ್ಡುಗಳು. ಕೆ.ಆರ್. ನಗರದಲ್ಲಿ ಗೆದ್ದ ಶೀಲ್ಡು ಕಂಡೊಡನೆ ಜವರಯ್ಯನಿಗೆ ಬಂದ ಕೆಲಸವೇ ಮರೆತುಹೋಯಿತು.

“ಅವತ್ತು ನಾನಿದ್ದೆ ಕಣಪ್ಪ! ಒಸಿ ಕೊಡು ಅದ, ನೋಡಾವ.”

ಉಮಾಶಂಕರ ಖುಷಿಯಿಂದ ಎದ್ದು ತಾಯಿಯ ಪಕ್ಕ ನಿಂತು ಕೈ ಮೇಲೆತ್ತಿದ.

ಬೀರಮ್ಮ ಕಣ್ಣು ಮುಚ್ಚಿ ಕತ್ತು ಎಳೆದುಕೊಂಡಳು. ಒಂದು ತೋಳು ತಾನಾಗಿ ತಲೆಗೆ ಅಡ್ಡ ಬಂತು. ಮೊರ ವಾಲಿ ಅಕ್ಕಿ ನೆಲಕ್ಕೆ ಬಿತ್ತು.

“ನೋಡ್ಕಳವ್ವ, ಅಕ್ಕಿ ಚೆಲ್ದೆ,” ಎಂದ ಉಮಾಶಂಕರ ನಗುತ್ತ, ಶೀಲ್ಡು ಇಳಿಸಿ ಕೊಟ್ಟ. ಅವನು ಬೇರೇನನ್ನೂ ಗಮನಿಸಿದಂತೆ ಕಾಣಲಿಲ್ಲ. ಮುದುಕಿ ಅಕ್ಕಿ ಬಳಿಯತೊಡಗಿದಳು.

ಜವರಯ್ಯ ಶೀಲ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಶೀಲ್ಡು ಮೈಮೇಲೆ ಬೀಳುತ್ತದೆಂದು ಹೆದರಿರಬಹುದು. ಮುದುಕಿಗೆ ಮೊದಲೇ ಅಂಜುಬುರುಕ ಸ್ವಭಾವವಿರಬಹುದು. ಹೀಗೆ ತನಗೇ ಸಮಾಧಾನ ಹೇಳಿಕೊಂಡವನು, ಆ ಸಮಾಧಾನವನ್ನೂ ನಂಬಲಿಲ್ಲ. ಎದ್ದು ಅವಳ ಹತ್ತಿರ ಹೋಗಿ, ರುಮಾಲು ಸರಿಮಾಡಿಕೊಳ್ಳುವವನಂತೆ ಸಟ್ಟನೆ ಕೈ ಎತ್ತಿದ. ಬೀರಮ್ಮ ಕದಲಲಿಲ್ಲ. ಏನು ಬೇಕಿತ್ತೋ ಎಂಬಂತೆ ಅವನ ಮುಖ ನೋಡಿದಳು. ಆಮೇಲೆ ಉಮಾಶಂಕರ ಶೀಲ್ಡನ್ನು ಮೇಲಿಡಲು ಕೈ ಎತ್ತಿದ; ಮತ್ತೆ ಅದೇ ಕತ್ತು, ಅದೇ ತೋಳು.

ಜವರಯ್ಯ ಕಾಫಿ ಕುಡಿದು, ತಿಳಿಸುತ್ತೇನೆಂದು ಹೇಳಿ ಬಸ್ಸು ಹತ್ತಿದ.

ಮನೆಯಲ್ಲಿ “ಬ್ಯಾಡ” ಎಂದಷ್ಟೇ ಹೇಳಿದ. ಯಾಕೆ ಎಂದು ಯಶೋದಮ್ಮ ಬಿಡದೆ ಕೇಳಿದ್ದಕ್ಕೆ ಕಂಡದ್ದನ್ನು ಹೇಳಿದ. ಹೋಟೆಲಿನಲ್ಲಿ ಮಾತ್ರ, ಜಾತಕ ಕೂಡಲಿಲ್ಲ ಎಂದ.

“ಜಾತ್ಕ ಬರೆಯೋನ್ನೂ ನಂಬೋನಲ್ವಲ್ಲೋ ನೀನು!” ಎಂದ ಚನ್ನಬಸವಣ್ಣ.

ಕರಿಯಯ್ಯನಿಗೆ ಸಿಟ್ಟು ತಲೆಗೇರಿತ್ತು. “ಟೀಮ್ಗಾದ್ರೆ ಆಯ್ತಾನೆ, ನಿನ್ ಮಗಳ್ಗಾಗಲ್ವಾ? ಏಳ್ಬುಡು, ಏನ್ ಐಬು ಕಂಡೆ?”

ಇಪ್ಪತ್ತು ಜನ ಕಿವಿ ನಿಮಿರಿಸಿದ್ದರು. ನಿಜ ಹೇಳಿದರೆ ವರ್ಷದ ವಾದವೆಲ್ಲ ಸುಳ್ಳೆಂದು ತಾನೇ ಒಪ್ಪಿಕೊಂಡಂತೆ. ಮುದುಕಿ ಕತ್ತು ಎಳೆದುಕೊಂಡಳು ಎಂದರೆ ನಗುತ್ತಾರೆ. ಜವರಯ್ಯ ಲೋಟ ಕೆಳಗಿಟ್ಟು ಹೊರಬಿದ್ದ. ತನ್ನ ಮಗಳು ಉಳಿದಳಲ್ಲ, ಉಳಿದದ್ದು ಊರಿನವರ ಪಾಡು ಎಂದುಕೊಂಡ.

ಹಾಗೆ ಇರಲು ಆಗಲಿಲ್ಲ. ತಿಂಗಳು ಕಳೆದ ಮೇಲೆ ಯಶೋದಮ್ಮ ರಾಗಿ ಮಿಲ್ಲಿನಿಂದ ಸುದ್ದಿ ತಂದಳು. ಕೆ.ಆರ್. ನಗರದ ಮಂಚಯ್ಯನ ಮಗಳು ಕಾವ್ಯಶ್ರೀಯನ್ನು ಉಮಾಶಂಕರನಿಗೆ ಗೊತ್ತು ಮಾಡುತ್ತಿದ್ದಾರೆ. ಭಾನುವಾರ ವೀಳ್ಯಶಾಸ್ತ್ರ.

“ಅವ್ರೂ ಮೊದ್ಲು ಇಂದುಮುಂದು ನೋಡುದ್ರಂತೆ. ಕಟ್ಟೆಮಳಲವಾಡಿ ಜವರಯ್ಯಂಗೇ ಅನುಮಾನ ಇಲ್ಲ ಅಂತ ಕರಿಯಯ್ಯ ಅಂದ್ನಂತೆ. ಒಪ್ಕಂಡವ್ರೆ.”

“ಅದ್ಕೆ ನಾನೇನ್ ಮಾಡ್ಲಿ?”

“ಏನೂ ಮಾಡ್ಬೇಡಿ. ಎತ್ತಾಗಿದ್ರೆ ಓಗಿ ಏಳ್ತಿದ್ರಿ,” ಎಂದು ಯಶೋದಮ್ಮ ಹಿಟ್ಟಿನ ಚೀಲ ಒಳಗಿಟ್ಟಳು.

ಅದೇ ಭಾನುವಾರ ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ಫೈನಲ್. ಬಸ್‌ಸ್ಟ್ಯಾಂಡಿನಲ್ಲಿ ಆಟೋ ಒಂದು ಮೈಕಿನಲ್ಲಿ ಉಮಾಶಂಕರನ ಹೆಸರು ಕೂಗುತ್ತ ಸುತ್ತುತ್ತಿತ್ತು. ಕೆ.ಆರ್. ನಗರದ ಬಸ್ಸಿನ ಕಂಡಕ್ಟರ್ ಸೀಟಿದೆ ಎಂದ. ಜವರಯ್ಯ ಇಣುಕದೆ ಹತ್ತಿದ. ಸೀಟಿರಲಿಲ್ಲ, ನಿಂತೇ ಹೋದ.

ಮಂಚಯ್ಯನ ಮನೆಯ ನಡುವೆ ತಟ್ಟೆಯಲ್ಲಿ ಎಲೆ ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ ಜೋಡಿಸಿಟ್ಟಿದ್ದರು. ಗಂಡಿನ ಕಡೆಯ ಹಿರಿಯರು ಇನ್ನೂ ಬಂದಿರಲಿಲ್ಲ. ಜವರಯ್ಯ ಯಾರೆಂದು ತಿಳಿದಾಗ ಮಂಚಯ್ಯ ಆದರದಿಂದ ಕೂರಿಸಿದ. ಬೀಚನಹಳ್ಳಿಯಲ್ಲಿ ಕಂಡದ್ದನ್ನು ಜವರಯ್ಯ ಹೇಳಿದ ಮೇಲೆ ಮಂಚಯ್ಯನ ಮುಖ ಗಂಟಿಕ್ಕಿತು.

“ನಿಮ್ ಮಗಳ್ನೂ ಅವ್ನಿಗೆ ಕೇಳಿದ್ರಂತೆ, ಈಗ್ ಗೊತ್ತಾಯ್ತು. ನಮ್ದು ತಪ್ಪುಸಿ ನಿಮ್ ಮಗಳಿಗೆ ಮಾಡ್ಕಳಾಕೆ ಬಂದಿದ್ದೀರಾ?”

“ಇಲ್ಲ ಕಣ್ರೀ. ನಾನೇ ಬ್ಯಾಡ ಅಂದೋನು.”

“ಕಣ್ಣಲ್ಲಿ ನೋಡುದ್ರಾ, ಅವ್ನು ಒಡ್ದುದ್ದ?”

“ನೋಡ್ನಿಲ್ಲ.”

“ಅಂಗಾದ್ರೆ ಪಿರಿಯಾಪಟ್ಣದೋರು ಕಳ್ಸವ್ರೆ ಬುಡಿ ನಿಮ್ಮ.”

ಆ ಮಾತನ್ನು ಕಟ್ಟಿದವನು ಜವರಯ್ಯನೇ; ಅದಕ್ಕೆ ಎದುರು ಮಾತಿಲ್ಲವೆಂದು ವರ್ಷವಿಡೀ ಹೆಮ್ಮೆಪಟ್ಟವನೂ ಅವನೇ.

ಅಷ್ಟರಲ್ಲಿ, ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಮಂಚಯ್ಯನ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು. “ಅವ್ರವ್ವ ಕಣ್ಣು ಮುಚ್ಕಂಡ್ರಾ?” ಎಂದು ಕೇಳಿದಳು.

“ಮುಚ್ಕಂಡ್ರು ಕಣವ್ವ. ಎರಡು ಸಲ್ವೂ.”

“ನೀವು ಕೈ ಎತ್ದಾಗ?”

“ಮುಚ್ಲಿಲ್ಲ. ನನ್ ಮಕ ನೋಡ್ತಾ ಕುಂತಿದ್ರು.”

ಅವಳು ಬಗ್ಗಿ ವೀಳ್ಯದ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.

“ಏಯ್, ಎಲ್ಗೆ ತಕ್ಕಂಡೋದೆ ಅದ? ಅವ್ರು ಬರೋ ಒತ್ತಾಯ್ತು,” ಎಂದು ಮಂಚಯ್ಯ ಕೂಗಿದ. ಒಳಗಿನಿಂದ ಕೋಣೆಯ ಬಾಗಿಲು ಹಾಕಿಕೊಂಡ ಸದ್ದಾಯಿತು. ಮಂಚಯ್ಯ ಜವರಯ್ಯನ ಕಡೆ ತಿರುಗಿದ.

“ನಿಜ ಏಳ್ಬುಡಿ. ಯಾರು ಕಳ್ಸುದ್ರು ನಿಮ್ಮ?”

“ಯಾರೂ ಕಳ್ಸ್ನಿಲ್ಲ,” ಎಂದ ಜವರಯ್ಯ. ಮಂಚಯ್ಯನ ಜಾಗದಲ್ಲಿ ತಾನಿದ್ದಿದ್ದರೆ ಆ ಮಾತನ್ನು ನಂಬುತ್ತಿರಲಿಲ್ಲ ಎಂದು ಅವನಿಗೆ ಗೊತ್ತಿತ್ತು.